ಕೋಳಿಗೂಡಿನ ಮೇಲಿನ ಆಕಾಶದ ತೂತು

ಲಿನ್ಯಾ ತ್ರೆವಿಜೊ, ಸಾಂತಾ ಕತರೀನಾ
ಏಪ್ರಿಲ್ 29

ನನ್ನ ತಂಗಿಯ ಮಗಳು, ನನ್ನ ಹೆಗಲ ಮೇಲೆ ಬೆಳೆದ ಲೊರೆನಿಗೆ ನಿನ್ನ ಸೋದರಮಾವ ಸೆತೆಂಬ್ರಿನೊ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅತ್ತೆ ಡೊಜೊಲಿನಾ, ಹಂದಿಗಳು ಮತ್ತು ಲೆಕ್ಕಕ್ಕೆ ಸಿಗದ ಕೋಳಿಗಳು ಎಲ್ಲರೂ ಸೌಖ್ಯ. ಕ್ರಿಸ್‌ಮಸ್‌ಗೆ ಬರೆದ ಪತ್ರಕ್ಕೆ ಮಾವ ಈಗ ಉತ್ತರ ಬರೆಯುತ್ತಿದ್ದಾನೆಂದು ಮುಖ ಊದಿಸಿಕೊಳ್ಳಬೇಡ. ನಡುವೆ ಜೋಳದ ಕೊಯ್ಲು ಬಂತು, ದ್ರಾಕ್ಷಿ ಹಿಂಡುವ ಕೆಲಸ ಬಂತು, ಎಡ ಮೊಣಕಾಲಿಗೆ ನೋವು ಬಂತು. ಇವು ಮೂರೂ ನೆಪಗಳೇ. ಬರೆಯಲು ಯೋಗ್ಯವಾದ ದೊಡ್ಡ ಸುದ್ದಿಯೊಂದು ಸಿಗಲಿ ಎಂದು ಕಾದಿದ್ದೆ, ಅಷ್ಟೆ. ಫೋನ್ ಮಾಡಬಹುದಿತ್ತಲ್ಲ ಎನ್ನುವೆ. ಇಗರ್ಜಿಯ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಫೋನ್ ಸಿಗುತ್ತದೆ; ಹತ್ತಿದ ಮೇಲೆ ಅದು ನಿನ್ನ ಅತ್ತೆಯ ಕೈಗೆ ಹೋದರೆ ನನ್ನ ಸರದಿ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ.

ಈಗ ಕುಳಿತುಕೊಂಡು ಓದು. ಮೀನು ನಮ್ಮ ಮನೆಗೆ ಬಂದಿದೆ!

ಹೌದು, ಅದೇ ಮರದ ಮೀನು. ನೀನು ಊರು ಬಿಡುವಾಗ ಇನ್ನೂ ಮೇಜಿನ ಮೇಲೆ ಹಿಡಿಸುತ್ತಿತ್ತು. ಸುಳ್ಳಿನ ಪಂದ್ಯದಲ್ಲಿ ಗೆದ್ದವನು ಅದರ ಬಾಲಕ್ಕೆ ಒಂದು ಗೇಣು ಮರ ಸೇರಿಸಿ ಮೊಳೆ ಹೊಡೆಯಬೇಕೆಂಬ ಪದ್ಧತಿ ನೆನಪಿದೆಯಲ್ಲ? ಮೀನು ಹಿಡಿದವನ ಬಾಯಲ್ಲಿ ಮೀನು ಬೆಳೆಯುವ ಹಾಗೆ ಇದೂ ವರ್ಷ ವರ್ಷ ಬೆಳೆದು, ಈಗ ತಲೆ ನಮ್ಮ ಅಡುಗೆಮನೆಯ ಒಳಗಿದ್ದರೆ ಬಾಲ ಅಂಗಳದಲ್ಲಿರುತ್ತದೆ. ನಿನ್ನ ಅತ್ತೆಯ ಮೆಚ್ಚುಗೆಯ ನುಡಿ ಕೇಳು: "ಇದನ್ನ ಎಲ್ಲಿ ಇಡ್ಲಿ, ನನ್ ತಲೆ ಮೇಲಾ? ಗೆಲ್ಲೋ ಚಟ ಇದ್ದೋನು ಮೊದ್ಲು ಮನೆ ದೊಡ್ಡದಾಗಿ ಕಟ್ಟಿಸ್ಬೇಕಿತ್ತು."

ಗೆದ್ದದ್ದು ಹೇಗೆಂದು ಹೇಳುತ್ತೇನೆ. ಈ ವರ್ಷಕ್ಕೆಂದು ನಾನು ಒಂದು ಕುಂಬಳಕಾಯಿಯ ಸುಳ್ಳನ್ನು ಸಾಕಿ ಬೆಳೆಸಿದ್ದೆ. ಕಾಯಿ ಎಷ್ಟು ದೊಡ್ಡದೆಂದರೆ ನಮ್ಮ ಹೆಣ್ಣುಹಂದಿ ಅದನ್ನು ಕೊರೆದುಕೊಂಡು ಒಳಹೋಗಿ, ಅಲ್ಲೇ ಮರಿ ಹಾಕಿ, ಮರಿಗಳು ಬೆಳೆದು ದೊಡ್ಡವಾಗಿ ಹೊರಬಂದಾಗ ಈ ದೇಶದಲ್ಲಿ ಸರ್ಕಾರವೇ ಬದಲಾಗಿತ್ತು. ಒಳ್ಳೆಯ ಸುಳ್ಳು, ಅಲ್ಲವೇ? ನನ್ನ ಬುದ್ಧಿಗೆ ಮಂಕು ಕವಿದು, ಅದನ್ನು ಮರದ ಚೆಂಡು ಉರುಳಿಸುವ ಬೋಚಾ ಆಟದ ಅಂಗಳದಲ್ಲಿ ಅಂಗಡಿಯ ಇತಾಸಿರ್‌ನ ಮುಂದೆ ಹೇಳಿಬಿಟ್ಟಿದ್ದೆ. ಪಂದ್ಯದ ದಿನ ನನಗಿಂತ ಮೊದಲು ಅವನ ಹೆಸರು ಕೂಗಿದರು. ಅವನು ವೇದಿಕೆ ಹತ್ತಿ, ಮೀಸೆ ಒರೆಸಿಕೊಂಡು, "ನಮ್ಮ ಮನೇಲೊಂದು ಕುಂಬಳಕಾಯಿ ಬಿಟ್ಟಿತ್ತು" ಎಂದು ಶುರು ಮಾಡಿದ. ನನ್ನ ಕುಂಬಳಕಾಯಿ! ನನ್ನ ಹಂದಿ! ಸರ್ಕಾರವನ್ನೂ ಬಿಡಲಿಲ್ಲ, ಕದ್ದುಬಿಟ್ಟ. ಜನ ಚಪ್ಪಾಳೆ ಹೊಡೆದರು. ಕೆಳಗಿಳಿದು ಬಂದವನೇ ನನ್ನ ಕಿವಿಯಲ್ಲಿ, "ಈಗ ಏನ್ ಬಿಡ್ತೀಯೋ ಬಿಡು, ಗುರುವೇ" ಎಂದ.

ನನ್ನ ಹೆಸರು ಕೂಗಿದರು. ತಲೆ ಖಾಲಿ. ಇಂಗು ತಿಂದ ಮಂಗನ ಹಾಗೆ ವೇದಿಕೆಯ ಮೇಲೆ ನಿಂತೆ. ಎದುರಿಗೆ ಇಡೀ ಊರು, ಮುಂದಿನ ಬೆಂಚಿನಲ್ಲಿ ಮೂವರು ತೀರ್ಪುಗಾರರು, ಅವರ ನಡುವೆ ಪಾದ್ರಿ ಆನ್ಸೆಲ್ಮೊ. ಮೂವತ್ತು ವರ್ಷ ಪಾಪನಿವೇದನೆ ಕೇಳಿದ ಮನುಷ್ಯ. ಸುಳ್ಳಿನ ರುಚಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಗ ನನ್ನ ನಾಲಗೆಗೆ ಸಿಕ್ಕಿದ್ದು ನೀನು ನಿನ್ನ ಕೆಲಸದ ಬಗ್ಗೆ ಬರೆದಿದ್ದ ಕ್ರಿಸ್‌ಮಸ್ ಪತ್ರವೊಂದೇ. ಶುರು ಮಾಡಿಯೇಬಿಟ್ಟೆ.

"ಕೇಳ್ರಪ್ಪಾ. ಈ ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಬಲ ನಮ್ ಸುತ್ತ ಕೊಡೆ ಹಿಡ್ದಂಗೆ ನಿಂತದೆ. ಆಕಾಶದಿಂದ ಬರೋ ಕಿಡಿಗಳನ್ನೆಲ್ಲ ಆ ಕೊಡೆ ತಡೀತದೆ. ಎಲ್ಲಾ ಕಡೆ ಕೊಡೆ ಗಟ್ಟಿ, ಒಂದೇ ಒಂದು ಕಡೆ ಸವೆದು ತೂತಾಗಿದೆ. ಎಲ್ಲಿ? ರೋಮ್ ಮೇಲಾ? ಅಮೆರಿಕಾ ಮೇಲಾ? ಅಲ್ಲ ಸ್ವಾಮಿ, ನಮ್ ನೆತ್ತಿ ಮೇಲೆ! ಸರಿಯಾಗಿ ನಟ್ಟನಡು ಎಲ್ಲಿ ಅಂದ್ರೆ ನನ್ ಕೋಳಿಗೂಡಿನ ಮೇಲೆ. ಹಾರೋ ಉಪಗ್ರಹಗಳು ಇಲ್ಲಿಗೆ ಬಂದ್ವು ಅಂದ್ರೆ ಕಣ್ ಮುಚ್ಕೊಳ್ತವೆ. ಕೋಟಿ ಕೋಟಿ ಮೈಲಿ ಆಚೆಗಿನ ನಕ್ಷತ್ರ ನೋಡೋ ಆ ದೊಡ್ಡ ದೂರದರ್ಶಕ ಇದೆಯಲ್ಲ, ಅದೂ ಅಷ್ಟೇ, ನನ್ ಗೂಡು ದಾಟೋ ತನಕ ರೆಪ್ಪೆ ಬಿಚ್ಚಲ್ಲ. ಮೇಲೆ ಮಲಗಿರೋ ಗಗನಯಾತ್ರಿಗಳಿಗೆ ಮುಚ್ಚಿದ ಕಣ್ಣೊಳಗೇ ಮಿಂಚು ಹೊಡೀತದೆ. ಹೊಡೆದ ತಕ್ಷಣ, 'ಏಳ್ರೋ, ಸೆತೆಂಬ್ರಿನೊ ಮನೆ ಬಂತು' ಅಂತಾರೆ. ಇದನ್ನೆಲ್ಲ ಅಳೆದು ಲೆಕ್ಕ ಹಾಕ್ತಿರೋ ವಿಜ್ಞಾನಿ ಯಾರು ಗೊತ್ತೇನ್ರೀ? ಇದೇ ಊರಿನ ಹುಡುಗಿ, ನನ್ ತಂಗಿ ಮಗಳು ಲೊರೆನಿ!"

ಸಭಾಭವನದ ತಗಡಿನ ಮಾಡು ಹಾರಿಹೋಗುವಷ್ಟು ನಕ್ಕರು. ತೀರ್ಪುಗಾರರು ಪಿಸುಗುಟ್ಟಲೂ ಇಲ್ಲ, ಮೀನಿನ ತಲೆಯನ್ನು ಎತ್ತಿ ನನ್ನ ಹೆಗಲ ಮೇಲಿಟ್ಟರು. ಇತಾಸಿರ್‌ನ ಮುಖ ಹುಳಿ ದ್ರಾಕ್ಷಿ ತಿಂದಂತಾಗಿತ್ತು.

ಇಲ್ಲಿಯವರೆಗೆ ಸಿಹಿ. ಇನ್ನು ಕಹಿ ಕೇಳು. ಇತಾಸಿರ್‌ನ ಸೊಸೆ ಜೆಲಿಂದಾ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳಲ್ಲ, ಅವಳು ರಾತ್ರಿ ಊಟಕ್ಕೆ ಕುಳಿತಾಗ, "ಮಾವಾ, ಅದು ಸುಳ್ಳಲ್ಲ, ನಮ್ ಪುಸ್ತಕದಲ್ಲೇ ಇದೆ" ಎಂದುಬಿಟ್ಟಳಂತೆ. ಮರುದಿನ ಬೆಳಿಗ್ಗೆ ಇತಾಸಿರ್ ಪುಸ್ತಕವನ್ನು ಬಾವುಟದ ಹಾಗೆ ಹಿಡಿದುಕೊಂಡು ಬೀದಿಯಲ್ಲೆಲ್ಲ ಕೂಗಿಕೊಂಡು ಬಂದ. "ಮೋಸ! ಮೋಸ! ಸೆತೆಂಬ್ರಿನೊ ನಿಜ ಹೇಳಿದ್ದಾನೆ!"

ನಿಯಮ ನಿನಗೆ ಗೊತ್ತೇ ಇದೆ. ನಿಜ ಹೇಳಿದವನಿಗೆ ಮೀನಿಲ್ಲ. ಹೋದ ವರ್ಷ ಮುದುಕ ಜೆನುಯೀನೊ ತನ್ನ ಅತ್ತೆ ಜೀವಮಾನದಲ್ಲೇ ತನ್ನೊಡನೆ ಜಗಳವಾಡಿಲ್ಲವೆಂದು ಹೇಳಿ ಗೆಲ್ಲುವುದರಲ್ಲಿದ್ದ. ಅದು ನಿಜವೆಂದು ಅವನ ಹೆಂಡತಿಯೇ ಸಾಕ್ಷಿ ಹೇಳಿದ್ದರಿಂದ ಹೊರಗೆ ಹಾಕಿದರು. ಪಾದ್ರಿಗಳು ನನ್ನ ವಿಚಾರಣೆಯನ್ನು ಸಂತ ಅಂತೋನಿಯ ಹಬ್ಬದ ದಿನಕ್ಕೆ ಇಟ್ಟಿದ್ದಾರೆ. ಇತಾಸಿರ್ ಬೋಚಾ ಅಂಗಳದಲ್ಲಿ ಕುಳಿತು ಎಲ್ಲರಿಗೂ ಹೇಳುತ್ತಾನೆ: "ಹುಟ್ಟಿದಾಗಿಂದ ಸುಳ್ ಹೇಳ್ದ, ಒಂದೇ ಒಂದ್ಸಲ ನಿಜ ಹೇಳಿ ಸಿಕ್ಕಾಕ್ಕೊಂಡ ನೋಡ್ರಪ್ಪಾ!"

ಮಗಳೇ, ನನ್ನ ಮಾನ ಈಗ ನಿನ್ನ ಕೈಯಲ್ಲಿದೆ. ಭೂಮಿಗೆ ಕೊಡೆಯಿಲ್ಲ, ತೂತಿಲ್ಲ, ಉಪಗ್ರಹಗಳು ಕಣ್ಣು ಮುಚ್ಚುವುದಿಲ್ಲ, ನನ್ನ ಮಾವ ಹೇಳಿದ್ದು ಅಪ್ಪಟ ಸುಳ್ಳು ಎಂದು ಒಂದು ಪತ್ರ ಬರೆದು, ನಿನ್ನ ಉಪಗ್ರಹ ಸಂಸ್ಥೆಯ ಮೊಹರು ಒತ್ತಿ ಕಳಿಸು. ಮೊಹರು ದೊಡ್ಡದಾಗಿರಲಿ. ನಿನ್ನ ಅಮ್ಮನಿಗೆ, ಅಂದರೆ ನನ್ನ ತಂಗಿಗೆ, ಒಣಗಿಸಿದ ಹಂದಿಮಾಂಸದ ಸಾಲಾಮೆ ಕಳಿಸಿದ್ದೇನೆಂದು ಹೇಳು.

ನಿನ್ನ ಗೆದ್ದ ಮಾವ,
ಸೆತೆಂಬ್ರಿನೊ

*

ಲಿನ್ಯಾ ತ್ರೆವಿಜೊ
ಮೇ 21

ಕಲ್ಲೆದೆಯ ಲೊರೆನಿಗೆ ಮಾವನ ಆಶೀರ್ವಾದ, ಸ್ವಲ್ಪ ಕಡಿಮೆಯಾಗಿ.

ನಿನ್ನ ಪತ್ರ ಬಂತು. ನಾನು ಕೇಳಿದ್ದೇನು, ನೀನು ಬರೆದಿದ್ದೇನು! "ಮಾವ, ಹನ್ನೆರಡು ವರ್ಷ ನಾನು ಮಾಡಿದ ಕೆಲಸ ಸುಳ್ಳು ಅಂತ ನಾನೇ ಬರೆದುಕೊಡ್ಲಾ? ಬೇಕಾದ್ರೆ ನಿಮಗೊಂದು ಹೊಸ ಮೀನು ಮಾಡಿಸಿಕೊಡ್ತೀನಿ." ಕೊಂಡ ಮೀನು ಯಾರಿಗೆ ಬೇಕು? ಪತ್ರವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಒಲೆಯ ಮುಂದೆ ಶಿಮಹಾಂವ್ ಹೀರುತ್ತಾ ಕುಳಿತಿದ್ದವಳು ಬಿಸಿ ಕಷಾಯ ಮೂಗಿಗೆ ಹತ್ತುವ ಹಾಗೆ ನಕ್ಕಳು. "ಸರಿಯಾಗ್ ಹೇಳಿದ್ದಾಳೆ. ಹುಡುಗಿ ನನ್ ಕೈಲಿ ಬೆಳೆದೋಳು. ನಿನ್ ಕೈಲಿ ಬೆಳೆದಿದ್ದು ಬರೀ ಹಂದಿ."

ಆಮೇಲೆ ಎರಡನೆಯ ಹಾಳೆ ಓದಿದೆ.

ತೂತಿನ ನಡು ಈಗ ನನ್ನ ಕೋಳಿಗೂಡಿನ ಮೇಲೆ ಇಲ್ಲ ಎನ್ನುತ್ತೀಯಲ್ಲ, ಇದನ್ನು ಕ್ರಿಸ್‌ಮಸ್‌ನಲ್ಲೇ ಹೇಳಲು ಏನಾಗಿತ್ತು? ಉಪಗ್ರಹಗಳು ವರ್ಷಗಟ್ಟಲೆ ಅಳೆದು ನೋಡಿವೆ, ಅದು ಪಶ್ಚಿಮಕ್ಕೆ ಜರುಗುತ್ತಿದೆ, ವರ್ಷಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್ ಎಂದು ಬರೆದಿದ್ದೀಯ. ನಮ್ಮ ಊರಿನ ರಸ್ತೆ ಕೆಲಸ ಇಪ್ಪತ್ತು ವರ್ಷದಲ್ಲಿ ಅಷ್ಟು ಮುಂದೆ ಹೋಗಿಲ್ಲ. ಹೋಗಲಿ, ಎಲ್ಲಿಗೆ ಹೋಯಿತು? ಪರಾಗ್ವೆಗೆ! ಬೇರೆ ಜಾಗ ಸಿಗಲಿಲ್ಲವೇ ಅದಕ್ಕೆ? ಮೊನ್ನೆ ಇಸ್ಪೀಟಿನಲ್ಲಿ ಆ ಪರಾಗ್ವೆಯ ಲಾರಿ ಚಾಲಕರು ನನ್ನ ಎರಡು ಚಕ್ರ ಚೀಸ್ ಗೆದ್ದುಕೊಂಡು ಹೋದರು, ಈಗ ತೂತನ್ನೂ ಒಯ್ದರು.

ನಿನ್ನ ಅತ್ತೆ, "ಹನ್ನೆರಡ್ ತಿಂಗ್ಳೂ ನಿನ್ ಜಂಬ ಕೇಳಿ ಕೇಳಿ ತೂತಿಗೂ ಸಾಕಾಗಿ ಗಡಿ ದಾಟಿದೆ" ಎಂದಳು.

ಯಾಕೆ ಜರುಗುತ್ತದೆಂದು ನೀನು ಬರೆದದ್ದನ್ನು ನಾನು ಎರಡು ಸಲ ಓದಬೇಕಾಯಿತು. ಭೂಮಿಯ ಹೊಟ್ಟೆಯೊಳಗೆ ಕಬ್ಬಿಣ ಕರಗಿ ಸದಾ ಹೊರಳಾಡುತ್ತಿರುತ್ತದೆ, ಆ ಹೊರಳಾಟದಿಂದಲೇ ಕೊಡೆ ಹುಟ್ಟುತ್ತದೆ, ಹೊರಳಾಟ ಬದಲಾದ ಹಾಗೆ ಕೊಡೆಯ ಸವೆದ ಜಾಗವೂ ಬದಲಾಗುತ್ತದೆ. ನಿನ್ನ ಅತ್ತೆ ಆಗ ಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದಳು. ಬಾಣಲೆಯಲ್ಲಿ ಬಪ್ ಬಪ್ ಎಂದು ಗುಳ್ಳೆ ಏಳುತ್ತಿತ್ತು. ಸೌಟನ್ನು ಅದರತ್ತ ತೋರಿಸಿ, "ಕುದಿಯೋದು ಒಂದೇ ಜಾಗದಲ್ಲಿ ಕುದೀತದಾ?" ಎಂದಳು. ಆಗ ನನಗೆ ಅರ್ಥವಾಯಿತು, ಆದರೆ ಅರ್ಥವಾಗಿದ್ದು ಪೊಲೆಂಟಾದಿಂದ ಎಂದು ಅವಳಿಗೆ ಹೇಳಲಿಲ್ಲ.

ತೂತು ಈಗ ಎರಡಾಗುತ್ತಿದೆ, ಇನ್ನೊಂದು ತಗ್ಗು ಆಫ್ರಿಕಾದ ಕಡೆ ಮೂಡುತ್ತಿದೆ ಎಂಬುದು ಮಾತ್ರ ನನಗೆ ಬಹಳ ಹಿಡಿಸಿತು. ಅಂದರೆ ಮರಿ ಹಾಕಿದೆ! ಅದರಲ್ಲಿ ನಮ್ಮ ಸೀಮೆಯ ಗುಣ ಬಿಟ್ಟಿಲ್ಲ. ನೀನು ಬರೆದ ಹಳೆಯ ಕಥೆಯೂ ಹಿಡಿಸಿತು. ಮೊತ್ತಮೊದಲ ಉಪಗ್ರಹಗಳ ಕಾಲದಲ್ಲಿ ಕಿಡಿ ಎಣಿಸುವ ಯಂತ್ರ ಎತ್ತರಕ್ಕೆ ಹೋದಾಗ ಇದ್ದಕ್ಕಿದ್ದಂತೆ ಸೊನ್ನೆ ತೋರಿಸಿತಂತೆ. ಯಂತ್ರ ಕೆಟ್ಟಿದೆಯೋ ಏನೋ ಎಂದು ತಲೆ ಕೆರೆದುಕೊಂಡರಂತೆ. ಕೆಟ್ಟಿರಲಿಲ್ಲ, ಎಣಿಸಲಾಗದಷ್ಟು ಕಿಡಿಗಳು ಒಮ್ಮೆಲೇ ನುಗ್ಗಿ ಬಂದು ಅದರ ಬಾಯಿ ಕಟ್ಟಿಹೋಗಿತ್ತು. ನಮ್ಮ ಮದುವೆಯ ದಿನ ನನ್ನ ಕಡೆಯ ನೆಂಟರು ಮೂರು ಲಾರಿಯಲ್ಲಿ ಬಂದಿಳಿದಾಗ ನಿನ್ನ ಅತ್ತೆಯ ಅಮ್ಮನಿಗೂ ಹೀಗೇ ಆಗಿತ್ತು.

ಒಂದು ಸಾಲು ಮಾತ್ರ ನಾನು ಗಟ್ಟಿಯಾಗಿ ಓದಲಿಲ್ಲ. ನನ್ನಷ್ಟಕ್ಕೇ ಓದಿಕೊಂಡೆ. "ಮಾವ, ನಾನು ಚಿಕ್ಕವಳಾಗಿ ನಿಮ್ಮ ಮನೇಲಿದ್ದು ಕೋಳಿಗೆ ಜೋಳ ಹಾಕ್ತಿದ್ದ ಕಾಲದಲ್ಲಿ ಅದರ ನಡು ನಿಮ್ಮ ಕಡೆಯೇ ಹಾದುಹೋಗ್ತಿತ್ತು. ಆಗ ನೀವು ಹೇಳಿದ್ರೆ ನಿಜ ಆಗ್ತಿತ್ತು." ಆಗ ಯಾರಿಗೆ ಗೊತ್ತಿತ್ತು ಮಗಳೇ? ನಿನ್ನ ಅಮ್ಮ ಪಟ್ಟಣದ ಕೋಳಿ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಪಾಳಿ ದುಡಿಯುತ್ತಿದ್ದಳು, ನೀನು ನನ್ನ ಹಳೆಯ ಟೋಪಿ ಹಾಕಿಕೊಂಡು ಅಂಗಳದಲ್ಲಿ ಕೋಳಿಗಳಿಗೆ ಪಾಠ ಮಾಡುತ್ತಿದ್ದೆ. ನೆತ್ತಿಯ ಮೇಲೆ ಏನಿದೆಯೆಂದು ನೋಡಿದವರಾರು?

ಈಗ ನನ್ನ ಇಕ್ಕಟ್ಟು ನೋಡು. ನಡು ನನ್ನ ಗೂಡಿನ ಮೇಲಿಲ್ಲ ಎಂದರೆ ನಾನು ಹೇಳಿದ್ದು ಸುಳ್ಳು. ಮೀನು ಉಳಿಯಿತು, ತೂತು ಹೋಯಿತು. ನಡು ಇಲ್ಲೇ ಇದೆ ಎಂದು ಹಟ ಹಿಡಿದರೆ ತೂತು ಉಳಿಯಿತು, ಮೀನು ಹೋಯಿತು. ಎರಡನ್ನೂ ಇಟ್ಟುಕೊಳ್ಳುವ ದಾರಿಯನ್ನು ನಿನ್ನ ಉಪಗ್ರಹಗಳು ಕಂಡುಹಿಡಿದಿದ್ದರೆ ಕೂಡಲೇ ತಿಳಿಸು. ಇಲ್ಲವಾದರೆ ಹಬ್ಬದ ತನಕವಾದರೂ ಅದನ್ನು ಸ್ವಲ್ಪ ಪೂರ್ವಕ್ಕೆ ತಳ್ಳಲಾಗುತ್ತದೆಯೋ ನೋಡು.

ಇತಾಸಿರ್ ದಿನವೂ ನಮ್ಮ ಬೇಲಿಯ ಹತ್ತಿರ ಬಂದು ಮೀನಿನ ಬಾಲ ಅಳೆದು ಹೋಗುತ್ತಾನೆ. "ಎಲ್ಲಿ ನೇತು ಹಾಕ್ಬೇಕು ಅಂತ ಗೋಡೆ ನೋಡ್ತಿದ್ದೀನಪ್ಪಾ" ಎನ್ನುತ್ತಾನೆ. ನಿನ್ನ ಅತ್ತೆ ಅವನ ಮೇಲೆ ಹೆಬ್ಬಾತನ್ನು ಬಿಟ್ಟಳು. ಅವನು ಓಡಿದ ಓಟಕ್ಕೇ ಬೇರೆ ಒಂದು ಮೀನು ಕೊಡಬಹುದಿತ್ತು.

ಇಕ್ಕಟ್ಟಿನಲ್ಲಿರುವ ನಿನ್ನ ಮಾವ,
ಸೆತೆಂಬ್ರಿನೊ

*

ಲಿನ್ಯಾ ತ್ರೆವಿಜೊ
ಜೂನ್ 15

ನನ್ನ ಲೊರೆನಿಗೆ, ಮಾವನ ತುಂಬು ಆಶೀರ್ವಾದ, ಈ ಸಲ ಯಾವ ಕಡಿತವೂ ಇಲ್ಲದೆ.

ಹಬ್ಬ ಮುಗಿದ ಕೂಡಲೇ ಬರೆಯಬೇಕೆಂದಿದ್ದೆ. ಮರುದಿನ ತಲೆ ಎತ್ತಲಾಗಲಿಲ್ಲ, ಕಾರಣ ಇತಾಸಿರ್‌ನ ಅಂಗಡಿಯ ಕೆಂಪು ದ್ರಾಕ್ಷಾರಸ. ಇವತ್ತು ಒಲೆಯ ಮೇಲೆ ಪಿನ್ಯಾಂವ್ ಬೀಜ ಸುಡಲು ಹಾಕಿ, ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಕಾಗದದ ಮೇಲೆ ಕಪ್ಪು ಕಲೆಯಿದ್ದರೆ ಅದು ಬೀಜ ಸಿಡಿದದ್ದು.

ಮೊದಲು ಫಲಿತಾಂಶ: ಮೀನು ನಮ್ಮದೇ! ಮೂವರು ತೀರ್ಪುಗಾರರೂ ಒಕ್ಕೊರಲಿನಿಂದ ನನ್ನ ಕಥೆಯನ್ನು ಸುಳ್ಳೆಂದು ಘೋಷಿಸಿದರು.

ಅವತ್ತು ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಆದರೂ ಪೂಜೆ ಮುಗಿದ ಮೇಲೆ ಒಬ್ಬರೂ ಮನೆಗೆ ಹೋಗಲಿಲ್ಲ. ಮೆರವಣಿಗೆಯಲ್ಲಿ ಸಂತ ಅಂತೋನಿ ಮುಂದೆ, ಹಿಂದೆ ನಾವು ನಾಲ್ವರು ಹೊತ್ತ ಮೀನು. ಹಬ್ಬ ಯಾರದ್ದೆಂದು ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ಸಭಾಭವನದಲ್ಲಿ ಮೀನನ್ನು ಮೇಜುಗಳ ಮೇಲೆ ಉದ್ದಕ್ಕೆ ಮಲಗಿಸಿದರು. ಅದರ ತಲೆಯ ಕಡೆ ನಾನು, ಬಾಲದ ಕಡೆ ಇತಾಸಿರ್.

ಇತಾಸಿರ್ ಎದ್ದು ನಿಂತ. ಅಂಗಿಗೆ ಇಸ್ತ್ರಿ ಮಾಡಿಸಿದ್ದ! ಪುಸ್ತಕ ತೆರೆದು, ಕನ್ನಡಕ ಹಾಕಿಕೊಂಡು, ಜೆಲಿಂದಾ ಕಲಿಸಿಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಓದಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಓದಿದ. "ನೋಡ್ರೀ, ತೂತಿದೆ. ಉಪಗ್ರಹ ಕಣ್ ಮುಚ್ಕೊಳ್ಳೋದೂ ಇದೆ. ಗಗನಯಾತ್ರಿ ಕಣ್ಣಲ್ಲಿ ಮಿಂಚು ಹೊಡೆಯೋದೂ ಇದೆ. ಈ ಮನುಷ್ಯ ದೇವರ ಮುಂದೆ, ನಿಮ್ ಮುಂದೆ, ಮಕ್ಕಳ ಮುಂದೆ ಅಪ್ಪಟ ನಿಜ ಹೇಳಿದ್ದಾನೆ. ಇಂಥೋನಿಗೆ ಮೀನು ಕೊಟ್ರೆ ನಾಳೆ ನಮ್ ಮಕ್ಳು ಏನ್ ಕಲೀತಾರೆ?"

ಜನ, "ನಾಚ್ಕೆ! ನಾಚ್ಕೆ!" ಎಂದು ಮೇಜು ಗುದ್ದಿದರು.

ನಾನು ಟೋಪಿ ತೆಗೆದು, ನಿಧಾನವಾಗಿ ನಿನ್ನ ಪತ್ರದ ಎರಡನೆಯ ಹಾಳೆ ಬಿಡಿಸಿದೆ. ಅಷ್ಟು ಹೊತ್ತಿಗೆ ನಾನು ತೀರ್ಮಾನ ಮಾಡಿಯಾಗಿತ್ತು. ತೂತನ್ನು ಪರಾಗ್ವೆಗೆ ಬಿಟ್ಟುಕೊಡುವುದು, ಮೀನನ್ನು ಉಳಿಸಿಕೊಳ್ಳುವುದು. ದೊಡ್ಡ ಮನಸ್ಸಿನವರು ಹೀಗೆಯೇ ಮಾಡುವುದು. ನಡು ಪಶ್ಚಿಮಕ್ಕೆ ಹೋಗಿದೆ ಎಂದು ಓದಿದಾಗ ಸಭೆಯಲ್ಲಿ ಎಂಥ ಗದ್ದಲವೆದ್ದಿತು ಅಂತೀ! "ಪರಾಗ್ವೆಗಾ? ಯಾರಪ್ಪಾ ಬಿಟ್ಟಿದ್ದು?" ಎಂದು ಮುದುಕ ಜೆನುಯೀನೊ ಎದ್ದೇಬಿಟ್ಟ. ಗಡಿಯಲ್ಲಿ ಕಾವಲುಗಾರರು ಏನು ಮಾಡುತ್ತಿದ್ದರೆಂದು ಕೇಳಿದ.

"ಹಾಗಾದ್ರೆ ನನ್ ಕೋಳಿಗೂಡಿನ ಮೇಲೆ ನಡು ಇಲ್ಲ," ಎಂದೆ ನಾನು. "ಇದೆ ಅಂತ ನಿಮ್ಮೆಲ್ಲರ ಮುಂದೆ ಹೇಳ್ದೆ. ಅಂದ್ಮೇಲೆ ಅದು ಸುಳ್ಳು. ಸುಳ್ಳಿಗೆ ಮೀನು. ಮುಗೀತು."

ಇತಾಸಿರ್ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂಗಿದ: "ಒಂದ್ ಹನಿ ನೀರು ಬೆರೆಸಿದ್ರೆ ಇಡೀ ಪೀಪಾಯಿ ದ್ರಾಕ್ಷಾರಸ ನೀರಾಗೋಗ್ತದಾ?"

"ನಿನ್ ಅಂಗ್ಡೀಲಿ ಆಗ್ತದೆ," ಎಂದಳು ನಿನ್ನ ಅತ್ತೆ. ಆ ಮಾತಿಗೆ ಇತಾಸಿರ್‌ನ ಹೆಂಡತಿಯೇ ಮೊದಲು ನಕ್ಕಿದ್ದು.

ತೀರ್ಪುಗಾರರು ಒಂದು ಸಾಲಾಮೆ ಮುಗಿಸುವಷ್ಟು ಹೊತ್ತು ಮಾತಾಡಿಕೊಂಡರು. ಆಮೇಲೆ ಪಾದ್ರಿಗಳು ಎದ್ದು ತೀರ್ಪು ಹೇಳಿದರು. ಜನ ನನ್ನನ್ನೂ ಮೀನನ್ನೂ ಒಟ್ಟಿಗೆ ಎತ್ತಿದರು. ಮೀನು ಹಗುರ ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಇತಾಸಿರ್ ಸುತ್ತಿಗೆ ತಂದು, ಈ ವರ್ಷದ ಗೇಣನ್ನು ತಾನೇ ಬಾಲಕ್ಕೆ ಹೊಡೆದು, "ಮೊಳೆ ನಂದು, ನೆನಪಿರ್ಲಿ" ಎಂದ. ಸಂಜೆಯವರೆಗೆ ಅವನ ಅಂಗಡಿಯಲ್ಲೇ ಕುಳಿತೆವು. ಈಗ ಊರಿನಲ್ಲಿ ಮಾತು ಬದಲಾಗಿದೆ. ಹಾಲಿನ ಬೆಲೆ ಇಳಿದರೂ, ಹಲ್ಲು ನೋವು ಬಂದರೂ, "ಪರಾಗ್ವೆಗೆ ಹೋಯ್ತು ಬಿಡು" ಎನ್ನುತ್ತಾರೆ. ಜೆಲಿಂದಾ ತನ್ನ ಮಕ್ಕಳಿಗೆ ಕೋಳಿ ಮೊಟ್ಟೆಯ ಮೇಲೆ ಭೂಪಟ ಬರೆಸಿ, ತೂತು ಎಲ್ಲಿಂದ ಎಲ್ಲಿಗೆ ನಡೆಯಿತೆಂದು ಗುರುತು ಹಾಕಿಸುತ್ತಿದ್ದಾಳೆ. ಮೊಟ್ಟೆಗಳು ನಮ್ಮ ಮನೆಯವು.

ಹಂದಿಗಳು ಚೆನ್ನಾಗಿವೆ. ನಿನ್ನ ಅತ್ತೆ ನಿನಗೆಂದು ಒಂದು ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಜೊತೆಯದು ಇನ್ನೂ ಬಾಕಿ. ನಿನ್ನ ಅಮ್ಮನ ಕೈಬೆರಳುಗಳ ನೋವು ಕಡಿಮೆಯಾಗಿದೆಯೆಂದು ಬರೆದಿದ್ದೆ, ಕೇಳಿ ಸಂತೋಷವಾಯಿತು. ಸಂತ ಅಂತೋನಿ ಕಳೆದದ್ದನ್ನು ಹುಡುಕಿಕೊಡುತ್ತಾನೆಂಬ ನಂಬಿಕೆ. ನಿನ್ನ ಉಪಗ್ರಹಗಳಿಗೆ ಹುಡುಕುವುದೆಲ್ಲ ಸಿಗಲಿ. ಅವು ಕಣ್ಣು ಮುಚ್ಚಿಕೊಂಡು ಹೋಗುವಾಗಲೂ ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ. ಹೊತ್ತುಹೊತ್ತಿಗೆ ಊಟ ಮಾಡು.

ಎಂದೆಂದೂ ನಿನ್ನ ಮಾವ,
ಸೆತೆಂಬ್ರಿನೊ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಲು ಹೋದಾಗ ನಿನ್ನ ಅತ್ತೆ, "ಅದನ್ನ ಬರೆದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. ಲಕೋಟೆಯನ್ನು ಕೈಯಿಂದ ಕಿತ್ತುಕೊಂಡು, ಪೆನ್ನನ್ನು ಮುಂದೆ ಇಟ್ಟು ಹೋಗಿದ್ದಾಳೆ.

ಮೀನು ಉಳಿದದ್ದು ನಡು ಪರಾಗ್ವೆಗೆ ಹೋದದ್ದಕ್ಕಲ್ಲ. ಪಾದ್ರಿಗಳು ಎದ್ದು ನಿಂತು ಹೇಳಿದ್ದು ಹೀಗೆ: "ಆ ನಡು ಗಿಡು ಬಿಡಪ್ಪಾ ಸೆತೆಂಬ್ರಿನೊ. ತೂತು ನಿಜ, ಇತಾಸಿರ್ ಪುಸ್ತಕ ತಂದಿದ್ದಾನೆ, ಒಪ್ಪಿದ್ವಿ. ನಾವು ಅವತ್ತು ಮೀನು ಕೊಟ್ಟಿದ್ದು ತೂತಿಗಲ್ಲವಲ್ಲ. ಅದನ್ನ ಅಳೆಯೋ ವಿಜ್ಞಾನಿ ನಮ್ ಲೊರೆನಿ ಅಂದ್ಯಲ್ಲ, ಅದಕ್ಕೆ. ಈ ಮೂವತ್ತು ವರ್ಷದಲ್ಲಿ ಅಂಥ ಸುಳ್ಳು ನಾನು ಕೇಳಿಲ್ಲ."

ಎಲ್ಲರೂ ನಕ್ಕರು. ಅವರಲ್ಲಿ ಕೆಟ್ಟವರು ಯಾರೂ ಇಲ್ಲ ಮಗಳೇ. ನಿನ್ನನ್ನು ಎತ್ತಿ ಆಡಿಸಿದವರೇ. ನಿನ್ನ ಸಂಸ್ಥೆಯಿರುವ ಸಾವೊ ಜೊಸೆ ಪಟ್ಟಣಕ್ಕೆ ನೀನು ಹೋದ ಮೊದಲಿಗೆ ಓದಿನ ಖರ್ಚಿಗೆಂದು ಮನೆಗೆಲಸ ಮಾಡಿದ್ದೆಯಲ್ಲ, ಇವರ ನೆನಪು ಅಲ್ಲಿಗೇ ನಿಂತಿದೆ. "ಪಾಪ, ಒಳ್ಳೇ ಹುಡುಗಿ, ಅಲ್ಲಿ ಆ ವಿಜ್ಞಾನಿಗಳ ನೆಲ ಒರೆಸ್ಕೊಂಡು ಹೇಗೋ ಇದಾಳೆ" ಎಂದಳು ಇತಾಸಿರ್‌ನ ಹೆಂಡತಿ, ಅಕ್ಕರೆಯಿಂದಲೇ.

ನಾನು ಎದ್ದು, "ಅದು ನಿಜ" ಎಂದೆ. ಮತ್ತಷ್ಟು ನಕ್ಕರು. ಟೋಪಿಯನ್ನು ಎದೆಗೆ ಹಿಡಿದುಕೊಂಡು, ನಿನ್ನ ಅಜ್ಜಿಯ ಸಮಾಧಿಯ ಆಣೆ ಇಟ್ಟು ಇನ್ನೊಮ್ಮೆ ಹೇಳಿದೆ. ಪಾದ್ರಿಗಳು ಕಣ್ಣೀರು ಒರೆಸಿಕೊಂಡು, "ಮುಖ ನೋಡ್ರೋ, ಒಂಚೂರೂ ಅಲ್ಲಾಡ್ತಿಲ್ಲ!" ಎಂದರು. ಇತಾಸಿರ್ ಬಾಲ ಬಿಟ್ಟು ಬಂದು ನನ್ನನ್ನು ತಬ್ಬಿಕೊಂಡ. "ಒಪ್ಪಿದೆ ಗುರುವೇ. ಇದಕ್ಕೆ ಮೀನು ಸಲ್ಲಬೇಕು." ಕೊನೆಗೆ ನಿನ್ನ ಅತ್ತೆಯೇ ಎದ್ದು, ಜೀವಮಾನದಲ್ಲಿ ಒಂದು ಸುಳ್ಳಾಡದವಳು, "ನಮ್ ಹುಡುಗಿ ಮಾಡಿದ್ದಾಳೆ, ನನಗ್ ಗೊತ್ತು" ಎಂದಳು. ನಲವತ್ತು ವರ್ಷ ನನ್ನ ಜೊತೆಗಿದ್ದು ಅವಳೂ ಕಲಿತುಬಿಟ್ಟಳು ಎಂದು ಚಪ್ಪಾಳೆ ಹೊಡೆದರು.

ಈ ಊರಿನವರು ನನ್ನನ್ನು ನಂಬದ ಹಾಗೆ ಇಷ್ಟು ವರ್ಷ ನಾನೇ ಅವರನ್ನು ಪಳಗಿಸಿದ್ದೇನೆ. ಅದರಲ್ಲಿ ನನಗೆ ಹೆಮ್ಮೆಯೇ ಇತ್ತು. ನಿನ್ನ ವಿಷಯ ಹೇಳಲು ನನ್ನ ಬಳಿ ಇರುವುದು ಈ ಒಂದೇ ಬಾಯಿ ಎಂಬುದು ಹೊಳೆದಿರಲಿಲ್ಲ.

ರಜೆ ಹಾಕಿ ಒಂದು ಭಾನುವಾರಕ್ಕೆ ಬಾ. ಭಾಷಣ ಬೇಡ, ಪುಸ್ತಕ ಬೇಡ. ಪೂಜೆ ಮುಗಿದ ಮೇಲೆ ಜೆಲಿಂದಾಳ ಮಕ್ಕಳಿಗೆ ಆ ಮೊಟ್ಟೆ ಹಿಡಿದು ನಾಲ್ಕು ಮಾತು ಹೇಳು, ಎಲ್ಲರೂ ಕೇಳಿಸಿಕೊಳ್ಳುವ ಹಾಗೆ. ಆಗ ಇವರೆಲ್ಲ ಎದ್ದು ಬಂದು ಮೀನನ್ನು ನನ್ನಿಂದ ಕಿತ್ತುಕೊಂಡು ಹೋಗಲಿ. ನಿನ್ನ ಮಾವನಿಗೆ ಸೋಲಬೇಕೆಂಬ ಆಸೆ ಹುಟ್ಟಿದ್ದು ಇದೇ ಮೊದಲು.